ಬೆಳೆಗೆ ಕತ್ತಲೆಯೂ ಬೇಕು

ಬೆಳೆಗೆ ನೀರು, ಗೊಬ್ಬರ, ಬಿಸಿಲು ಬೇಕೆಂಬುದು ಎಲ್ಲ ರೈತರಿಗೂ ತಿಳಿದ ಸಂಗತಿ. ಕತ್ತಲೆಯೂ ಬೇಕೆಂಬುದು ಅಷ್ಟಾಗಿ ತಿಳಿದಿಲ್ಲ. ಬೀದಿದೀಪದ ಕೆಳಗಿನ ಅವರೆ ಸೊಂಪಾಗಿ ಬೆಳೆದು ಹೂ ಬಿಡದೆ ನಿಂತರೆ ಬೀಜ ಕೆಟ್ಟದ್ದೆಂದೋ, ಗೊಬ್ಬರ ಸಾಲದೆಂದೋ ಭಾವಿಸಿ ಹಣ ಖರ್ಚು ಮಾಡುವುದುಂಟು. ದೋಷ ತಲೆಯ ಮೇಲಿನ ದೀಪದಲ್ಲಿರಬಹುದೆಂಬ ಯೋಚನೆ ಬರುವುದು ಅಪರೂಪ. ಬೇಕಿಲ್ಲದ ಕಡೆ, ಬೇಕಿಲ್ಲದ ಹೊತ್ತಿನಲ್ಲಿ, ಬೇಕಾದುದಕ್ಕಿಂತ ಹೆಚ್ಚಾಗಿ ಬೀಳುವ ದೀಪದ ಬೆಳಕಿಗೆ ಬೆಳಕಿನ ಮಾಲಿನ್ಯ ಎಂದು ಹೆಸರು. ಇದು ಬೆಳೆಗೆ ಹೇಗೆ ತಟ್ಟುತ್ತದೆ, ಊರಿನವರೆಲ್ಲ ಒಂದು ಸಂಜೆ ಸೇರಿ ಸಾಕ್ಷ್ಯಚಿತ್ರ ನೋಡಿ ಇದಕ್ಕೆ ಪರಿಹಾರವನ್ನು ಹೇಗೆ ಕಂಡುಕೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದೀಪ ಮೊದಲು ಬಂದ ನಾಡು

ಇಲ್ಲಿ ನಂದಿದುರ್ಗ ಎಂದರೆ ಚಿಕ್ಕಬಳ್ಳಾಪುರದ ನಂದಿಬೆಟ್ಟವಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದ ನಂದಿದುರ್ಗ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ, ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದಾದ ಮೂರು ವರ್ಷಗಳ ನಂತರ, 1905ರಲ್ಲಿ. ಗಣಿಗಳ ಕೆಲಸ 2001ರಲ್ಲಿ ನಿಂತಿತು. ದೀಪಗಳು ಮಾತ್ರ ಹೆಚ್ಚುತ್ತಲೇ ಬಂದವು. ಎಲ್‌ಇಡಿ ದೀಪ ಅಗ್ಗವಾದ ಮೇಲೆ ಮನೆಯಂಗಳ, ಕೋಳಿಮನೆ, ಬೋರ್‌ವೆಲ್ ಶೆಡ್ಡು, ಬಡಾವಣೆಯ ರಸ್ತೆ ಎಲ್ಲೆಡೆಯೂ ರಾತ್ರಿಯಿಡೀ ಉರಿಯುವ ದೀಪಗಳು ಬಂದಿವೆ. ಮೊದಲು ಊರಿನೊಳಗಿದ್ದ ಬೆಳಕು ಈಗ ಹೊಲದ ಬದುವಿನವರೆಗೆ ಬಂದು ನಿಂತಿದೆ.

ಬೆಳಕಿನ ಮಾಲಿನ್ಯದಲ್ಲಿ ಎರಡು ವಿಧ. ಒಂದು, ದೀಪದಿಂದ ನೇರವಾಗಿ ಹೊಲದ ಮೇಲೆ ಬೀಳುವ ಬೆಳಕು. ಎರಡು, ಊರಿನ ಎಲ್ಲ ದೀಪಗಳ ಬೆಳಕು ಮೇಲಕ್ಕೆ ಹೋಗಿ ಧೂಳು, ತೇವಗಳಿಗೆ ತಾಗಿ ಆಕಾಶವನ್ನೇ ಮಂಕಾಗಿ ಬೆಳಗಿಸುವುದು. ಬೆಳೆಗೆ ತೊಂದರೆ ಕೊಡುವುದು ಮುಖ್ಯವಾಗಿ ಮೊದಲನೆಯದು. ನಕ್ಷತ್ರಗಳನ್ನು ಮರೆ ಮಾಡುವುದು ಎರಡನೆಯದು. ಕೀಟಗಳಿಗೆ ಎರಡೂ ತಟ್ಟುತ್ತವೆ.

ಗಿಡ ರಾತ್ರಿಯನ್ನು ಅಳೆಯುತ್ತದೆ

ಹೂ ಬಿಡುವ ಕಾಲವನ್ನು ಅನೇಕ ಗಿಡಗಳು ಹಗಲು ರಾತ್ರಿಗಳ ಉದ್ದವನ್ನು ನೋಡಿ ನಿರ್ಧರಿಸುತ್ತವೆ. ಇದನ್ನು 1920ರಲ್ಲಿ ಅಮೆರಿಕೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪು ಮತ್ತು ಸೋಯಾ ಅವರೆಯಲ್ಲಿ ತೋರಿಸಿಕೊಟ್ಟರು. ಗಿಡ ನಿಜವಾಗಿ ಅಳೆಯುವುದು ಹಗಲನ್ನೋ ರಾತ್ರಿಯನ್ನೋ ಎಂಬ ಪ್ರಶ್ನೆಗೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಉತ್ತರ ಕೊಟ್ಟರು. ನಮ್ಮ ಬಯಲುಗಳಲ್ಲಿಯೂ ಕಾಣುವ, ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಕ್ಸಾಂಥಿಯಂ ಕಳೆಗೆ ಉದ್ದನೆಯ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಕೊಟ್ಟರೆ ಅದು ಹೂ ಬಿಡಲಿಲ್ಲ. ಹಗಲಿನ ನಡುವೆ ಕತ್ತಲೆ ಮಾಡಿದರೆ ಏನೂ ವ್ಯತ್ಯಾಸವಾಗಲಿಲ್ಲ. ಅಂದರೆ ಗಿಡಕ್ಕೆ ಬೇಕಾದದ್ದು ತುಂಡಾಗದ ಕತ್ತಲೆ.

ಈ ಅಳತೆಯನ್ನು ಮಾಡುವ ಒಂದು ಮುಖ್ಯ ವಸ್ತು ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಕೆಂಪು ಬೆಳಕು ಬಿದ್ದಾಗ ಅದು ಒಂದು ರೂಪಕ್ಕೆ ತಿರುಗುತ್ತದೆ. ಕತ್ತಲೆಯಲ್ಲಿ ನಿಧಾನವಾಗಿ ಹಿಂದಿನ ರೂಪಕ್ಕೆ ಮರಳುತ್ತದೆ. ರಾತ್ರಿ ದೀಪ ಹೊತ್ತಿದರೆ ಈ ಲೆಕ್ಕ ತಪ್ಪುತ್ತದೆ. ಗಿಡ ಇನ್ನೂ ದೀರ್ಘ ಹಗಲಿನ ಕಾಲ ನಡೆಯುತ್ತಿದೆ ಎಂದೇ ತಿಳಿದು ಎಲೆ, ಬಳ್ಳಿಗಳನ್ನು ಬೆಳೆಸುತ್ತಾ ಹೋಗುತ್ತದೆ.

ಕೋಲಾರ ಜಿಲ್ಲೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಇಡೀ ವರ್ಷದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸವನ್ನೇ ಗುರುತಿಸಿ ಕಾಲಕ್ಕೆ ಸರಿಯಾಗಿ ಹೂ ಬಿಡುವ ನಮ್ಮ ನಾಟಿ ತಳಿಗಳಿಗೆ, ರಾತ್ರಿ ನಾಲ್ಕಾರು ಗಂಟೆ ಉರಿಯುವ ದೀಪ ಸಣ್ಣ ವಿಷಯವಲ್ಲ.

ನಮ್ಮ ಭಾಗದ ಬೆಳೆಗಳು

ಬಂಗಾರಪೇಟೆ ಸುತ್ತಿನ ಕೆಂಪು ಮಣ್ಣಿನ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲುಗಳಾಗಿ ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ಈ ನಾಲ್ಕೂ ಬೆಳೆಗಳು, ಜೊತೆಗೆ ಹುರುಳಿಯೂ, ಹಗಲು ಚಿಕ್ಕದಾದಾಗ ಹೂ ಬಿಡುವ ಗುಂಪಿಗೆ ಸೇರಿದವು. ತಳಿಯಿಂದ ತಳಿಗೆ ಈ ಗುಣದಲ್ಲಿ ಹೆಚ್ಚು ಕಡಿಮೆ ಇರುತ್ತದೆ. ನಾಟಿ ಅವರೆಯಲ್ಲಿ ಇದು ಬಹಳ ಸ್ಪಷ್ಟ. ಯಾವಾಗ ಬಿತ್ತಿದರೂ ಅದು ಹೂ ಬಿಡುವುದು ಚಳಿಗಾಲ ಹತ್ತಿರ ಬಂದಾಗಲೇ. ಸೊಗಡಿನ ಅವರೆಕಾಯಿಗೆ ಧನುರ್ಮಾಸದಲ್ಲಿ ಬರುವ ಬೆಲೆ ಎಲ್ಲರಿಗೂ ಗೊತ್ತಿದೆ. ಹೂ ಮೂರು ವಾರ ತಡವಾದರೆ ಆ ಬೆಲೆ ಕೈತಪ್ಪುತ್ತದೆ; ಹಿಂಗಾರು ಮಳೆ ಬಿಟ್ಟುಹೋದ ಒಣ ನೆಲದಲ್ಲಿ ಕಾಯಿ ಕಟ್ಟಬೇಕಾಗುತ್ತದೆ.

ಅಮೆರಿಕೆಯ ಇಲಿನಾಯ್ ರಾಜ್ಯದಲ್ಲಿ ಹೆದ್ದಾರಿ ದೀಪಗಳ ಪಕ್ಕದ ಸೋಯಾ ಅವರೆ ಉಳಿದ ಹೊಲಕ್ಕಿಂತ ವಾರಗಳಷ್ಟು ತಡವಾಗಿ ಮಾಗಿದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಅಲ್ಲಿ ಹೊಲದ ಉಳಿದ ಭಾಗ ಒಣಗಿ ಕೊಯ್ಲಿಗೆ ಬಂದಾಗ ದೀಪದ ಸುತ್ತಿನ ಭಾಗ ಹಸಿರಾಗಿ ಉಳಿದಿರುತ್ತದೆ.

ಎಲ್ಲ ಬೆಳೆಗಳಿಗೂ ಈ ತೊಂದರೆ ಇಲ್ಲವೆಂಬುದನ್ನು ಗಮನಿಸಬೇಕು. ಟೊಮೆಟೊ ಹೂ ಬಿಡಲು ಹಗಲಿನ ಉದ್ದವನ್ನು ಕಾಯುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಅವಧಿಗೆ ಸ್ಪಂದಿಸದೆ ವರ್ಷದ ಎಲ್ಲ ಕಾಲದಲ್ಲಿಯೂ ಹೂ ಬಿಡುತ್ತವೆ. ದೀಪ ತೆಗೆಯಲಾಗದ ಕಡೆ ಬದುವಿನ ಪಕ್ಕದ ಹತ್ತಾರು ಸಾಲುಗಳಿಗೆ ಇಂಥ ಬೆಳೆ ಅಥವಾ ತಳಿಯನ್ನು ಆರಿಸಿ, ನಾಟಿ ಅವರೆ, ಹುಚ್ಚೆಳ್ಳುಗಳನ್ನು ಒಳಭಾಗಕ್ಕೆ ಹಾಕಿಕೊಳ್ಳುವುದು ಖರ್ಚಿಲ್ಲದ ಉಪಾಯ.

ಸೇವಂತಿಗೆ ಹೊಲದ ದೀಪ

ರಾತ್ರಿಯ ಬೆಳಕು ಬೆಳೆಯ ಮೇಲೆ ಏನು ಮಾಡುತ್ತದೆಂಬುದಕ್ಕೆ ದೂರದ ಸಾಕ್ಷಿ ಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಸೇವಂತಿಗೆ ಬೆಳೆಗಾರರು ಹೊಲದ ಮೇಲೆ ಸಾಲು ಸಾಲಾಗಿ ಬಲ್ಬು ಕಟ್ಟುವುದು ಇದೇ ಕಾರಣಕ್ಕೆ. ಸೇವಂತಿಗೆಯೂ ಚಿಕ್ಕ ಹಗಲಿನ ಗಿಡ. ಚಳಿಗಾಲದಲ್ಲಿ ನೆಟ್ಟರೆ ಗಿಡ ಬೆಳೆಯುವ ಮೊದಲೇ ಮೊಗ್ಗು ಬಂದು ಇಳುವರಿ ಕುಗ್ಗುತ್ತದೆ. ರಾತ್ರಿ ಬೆಳಕು ಕೊಟ್ಟು ಮೊಗ್ಗನ್ನು ತಡೆದು, ಕವಲೊಡೆದು ಗಿಡ ತುಂಬಿದ ಮೇಲೆ ದೀಪ ನಿಲ್ಲಿಸಿದರೆ ಒಮ್ಮೆಲೇ ಹೂ ಬರುತ್ತದೆ. ಇದು ವಿಜ್ಞಾನವನ್ನು ರೈತ ಜಾಣತನದಿಂದ ಬಳಸಿಕೊಂಡದ್ದಕ್ಕೆ ಉತ್ತಮ ಉದಾಹರಣೆ.

ಆದರೆ ಒಬ್ಬರ ಸೇವಂತಿಗೆಗೆ ಔಷಧಿಯಾದ ಬೆಳಕು ಪಕ್ಕದವರ ಅವರೆಗೆ ವಿಷವಾಗಬಾರದು. ಬೆಳೆಗಾರರು ಈ ಕೆಳಗಿನ ಅಂಶಗಳನ್ನು ಪಾಲಿಸಿದರೆ ನೆರೆಯವರಿಗೂ ತೊಂದರೆ ಇಲ್ಲ, ವಿದ್ಯುತ್ತೂ ಉಳಿಯುತ್ತದೆ.

1. ಸಂಜೆಯಿಂದ ಬೆಳಗಿನವರೆಗೆ ದೀಪ ಉರಿಸಬೇಕಾಗಿಲ್ಲ. ರಾತ್ರಿಯ ನಡುಭಾಗದಲ್ಲಿ, ಅಂದರೆ 10ರಿಂದ 2 ಗಂಟೆಯವರೆಗೆ, ಸುಮಾರು ನಾಲ್ಕು ಗಂಟೆ ಕೊಟ್ಟರೆ ಸಾಕಾಗುತ್ತದೆ. ಟೈಮರ್ ಅಳವಡಿಸಿದರೆ ನಿದ್ದೆಗೆಡುವ ಕೆಲಸವೂ ಇಲ್ಲ.

2. ಪ್ರತಿ ಬಲ್ಬಿಗೂ ಮೇಲಿನಿಂದ ತಗಡಿನ ಟೋಪಿ ಹಾಕಬೇಕು. ಮೇಲಕ್ಕೂ ಪಕ್ಕಕ್ಕೂ ಹೋಗಿ ನಷ್ಟವಾಗುವ ಬೆಳಕು ಗಿಡದ ಮೇಲೆ ಬೀಳುತ್ತದೆ.

3. ನೆರೆ ಹೊಲದ ಕಡೆಯ ಅಂಚಿನಲ್ಲಿ ಗ್ಲಿರಿಸಿಡಿಯಾ ಬೇಲಿ ಅಥವಾ ಎತ್ತರದ ನೇಪಿಯರ್ ಹುಲ್ಲಿನ ಎರಡು ಸಾಲು ಇದ್ದರೆ ತಗ್ಗಿನಲ್ಲಿ ಕಟ್ಟಿದ ಬಲ್ಬುಗಳ ಬೆಳಕಿಗೆ ಮರೆಯಾಗುತ್ತದೆ, ಮೇವೂ ದೊರೆಯುತ್ತದೆ.

4. ಮೊಗ್ಗು ಬರಿಸುವ ಹಂತ ಬಂದ ಮೇಲೆ ದೀಪವನ್ನು ಪೂರ್ತಿ ನಿಲ್ಲಿಸಬೇಕು. ಆ ದಿನಗಳಲ್ಲಿ ಪಕ್ಕದ ಬೀದಿದೀಪದ ಬೆಳಕು ಬಿದ್ದರೆ ಸೇವಂತಿಗೆಗೂ ಅದು ತೊಂದರೆಯೇ.

ದೀಪ ಮತ್ತು ಕೀಟ

ಮುಂಗಾರಿನ ಮೊದಲ ಹದ ಮಳೆಯ ನಂತರ ಕೆಂಪು ತಲೆ ಕಂಬಳಿ ಹುಳುವಿನ ಪತಂಗಗಳೂ, ಗೊಣ್ಣೆ ಹುಳುವಿನ ದುಂಬಿಗಳೂ ಮಣ್ಣಿನಿಂದ ಎದ್ದು ಬರುತ್ತವೆ. ಆ ಸಂಜೆಗಳಲ್ಲಿ ಬೆಳಕಿನ ಬಲೆ ಇಟ್ಟು, ಕೆಳಗೆ ಸೀಮೆಎಣ್ಣೆ ಅಥವಾ ಸೋಪು ಬೆರೆಸಿದ ನೀರಿನ ಬೋಗುಣಿ ಇರಿಸಿ ಇವುಗಳನ್ನು ಹಿಡಿದು ನಾಶ ಮಾಡುವ ಕ್ರಮವನ್ನು ಬಹುಕಾಲದಿಂದ ಶಿಫಾರಸು ಮಾಡಲಾಗಿದೆ. ಈ ಬಲೆ ಕೆಲಸ ಮಾಡಲು ಸುತ್ತಲೂ ಕತ್ತಲೆ ಇರಬೇಕು. ಬೆಳದಿಂಗಳಿನ ರಾತ್ರಿಗಳಲ್ಲಿ ಬಲೆಗೆ ಬೀಳುವ ಪತಂಗಗಳ ಸಂಖ್ಯೆ ಕಡಿಮೆಯಾಗುವುದನ್ನು ಬಲೆ ಇಟ್ಟವರೆಲ್ಲ ಕಂಡಿದ್ದಾರೆ. ಹೊಲದ ಬದುವಿನಲ್ಲಿಯೇ ದೊಡ್ಡ ದೀಪ ಉರಿಯುತ್ತಿದ್ದರೆ ಪತಂಗಗಳು ಬಲೆಯ ಬದಲು ಅಲ್ಲಿಗೆ ಹೋಗುತ್ತವೆ. ಸಾಯದೆ ಅಲ್ಲಿಯ ಗಿಡಗಳ ಮೇಲೆ ಮೊಟ್ಟೆಯಿಡಬಹುದು. ಬಲೆಯ ದೀಪವನ್ನೂ ಸಂಜೆ 7ರಿಂದ 10ರವರೆಗೆ, ಪತಂಗಗಳು ಏಳುವ ದಿನಗಳಲ್ಲಿ ಮಾತ್ರ ಉರಿಸಿ ನಂತರ ಆರಿಸುವುದು ಒಳ್ಳೆಯದು. ಇಲ್ಲವಾದರೆ ಉಪಕಾರಿ ಕೀಟಗಳೂ ಅದರಲ್ಲಿ ಸಾಯುತ್ತವೆ.

ರಾತ್ರಿ ಹಾರುವ ಕೀಟಗಳೆಲ್ಲ ವೈರಿಗಳಲ್ಲ. ಸೋರೆ ಮತ್ತು ಹೀರೆ ಹೂವುಗಳು ಅರಳುವುದು ಸಂಜೆ. ಸೋರೆಯ ಬಿಳಿ ಹೂವಿನ ಪರಾಗಸ್ಪರ್ಶದಲ್ಲಿ ಪತಂಗಗಳ ಪಾಲು ದೊಡ್ಡದು. ಸ್ವಿಟ್ಜರ್ಲೆಂಡಿನಲ್ಲಿ ಕತ್ತಲೆಯ ಹುಲ್ಲುಗಾವಲುಗಳಿಗೆ ದೀಪ ಹಾಕಿ ನೋಡಿದ ಪ್ರಯೋಗದ ವರದಿ 2017ರಲ್ಲಿ ಪ್ರಕಟವಾಯಿತು. ದೀಪವಿದ್ದ ಕಡೆ ರಾತ್ರಿ ಹೂವಿಗೆ ಬರುವ ಕೀಟಗಳ ಭೇಟಿ ಶೇ. 62ರಷ್ಟು ಇಳಿದಿತ್ತು. ಅಲ್ಲಿ ಪರೀಕ್ಷಿಸಿದ ಒಂದು ಗಿಡದಲ್ಲಿ, ಹಗಲಿನಲ್ಲಿ ಜೇನು ಮತ್ತಿತರ ಕೀಟಗಳು ಬಂದರೂ, ಕಾಯಿ ಕಟ್ಟುವುದು ಶೇ. 13ರಷ್ಟು ಕಡಿಮೆಯಾಯಿತು. ರೇಷ್ಮೆ ಸಾಕುವವರಿಗೆ ಹುಳುಮನೆಯಲ್ಲಿ ಮಂದ ಬೆಳಕು ಇರಬೇಕು, ಪ್ರಖರ ಬೆಳಕು ಆಗದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಾಕ್ಷ್ಯಚಿತ್ರದ ಮೂಲಕ ಪಾಠ

ಗೊಬ್ಬರ, ಔಷಧಿಗಳ ವಿಷಯದಲ್ಲಿ ರೈತ ತಾನೊಬ್ಬನೇ ನಿರ್ಧಾರ ಮಾಡಬಲ್ಲ. ದೀಪದ ವಿಷಯ ಹಾಗಲ್ಲ. ಹೊಲ ಒಬ್ಬರದು, ದೀಪ ಪಂಚಾಯಿತಿಯದು ಅಥವಾ ಪಕ್ಕದವರದು. ಆದ್ದರಿಂದ ಊರು ಕೂಡಿ ತಿಳಿದು, ಊರು ಕೂಡಿ ತೀರ್ಮಾನಿಸಬೇಕು. ಇದಕ್ಕೆ ಸಾಕ್ಷ್ಯಚಿತ್ರ ಪ್ರದರ್ಶನ ಒಳ್ಳೆಯ ಸಾಧನ. ವಿಸ್ತರಣಾ ಕಾರ್ಯಕರ್ತರು ಈ ಕ್ರಮವನ್ನು ಅನುಸರಿಸಬಹುದು.

ಚಿತ್ರದ ಆಯ್ಕೆ: ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಸಂಸ್ಥೆ 2013ರಲ್ಲಿ ಹೊರತಂದ ‘ಲೂಸಿಂಗ್ ದ ಡಾರ್ಕ್’ ಎಂಬ ಚಿಕ್ಕ ಚಿತ್ರ ಸುಮಾರು ಆರೂವರೆ ನಿಮಿಷದ್ದು. ದೀಪಕ್ಕೆ ಮರೆ ಹಾಕುವುದರಿಂದ ಆಗುವ ವ್ಯತ್ಯಾಸ ಅದರಲ್ಲಿ ಕಣ್ಣಿಗೆ ಕಟ್ಟುವಂತಿದೆ. ಇಯಾನ್ ಚೇನಿ ನಿರ್ದೇಶನದ ‘ದ ಸಿಟಿ ಡಾರ್ಕ್’ (2011) ದೊಡ್ಡ ಚಿತ್ರ. ಪ್ರೌಢಶಾಲೆ, ಕಾಲೇಜುಗಳಿಗೆ ಹೆಚ್ಚು ಸೂಕ್ತ. ಹಳ್ಳಿಯ ಸಭೆಗೆ ಚಿಕ್ಕ ಚಿತ್ರವೇ ಸಾಕು. ಅದನ್ನು ಎರಡು ಸಲ ತೋರಿಸಿ, ಎರಡನೆಯ ಸಲ ನಡುನಡುವೆ ನಿಲ್ಲಿಸಿ ವಿವರಿಸಬೇಕು. ಗಣಿ ಪ್ರದೇಶದಲ್ಲಿ ತಮಿಳು, ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು ಮಾತನಾಡುವವರಿರುವುದರಿಂದ ಆಯಾ ಭಾಷೆಯಲ್ಲಿ ಹೇಳಬಲ್ಲ ಶಿಕ್ಷಕರನ್ನೋ ಯುವಕ ಸಂಘದವರನ್ನೋ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ದಿನ ಮತ್ತು ಸ್ಥಳ: ಹಿಂಗಾರು ಮುಗಿದ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿರುತ್ತದೆ. ಅಮಾವಾಸ್ಯೆಯ ಹತ್ತಿರದ ಭಾನುವಾರ ಒಳ್ಳೆಯದು. ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರೂ ಅಂದು ಊರಿನಲ್ಲಿರುತ್ತಾರೆ. ಶಾಲೆಯ ಬಯಲು ಅಥವಾ ಕಣ ಸೂಕ್ತ ಸ್ಥಳ. ಸಂಜೆ 7ಕ್ಕೆ ಆರಂಭಿಸಿ ಒಂದೂವರೆ ಗಂಟೆಯಲ್ಲಿ ಮುಗಿಸಬೇಕು.

ನಕ್ಷತ್ರ ಎಣಿಕೆ: ಚಿತ್ರ ಮುಗಿದ ಮೇಲೆ ಪಂಚಾಯಿತಿಯ ಒಪ್ಪಿಗೆ ಪಡೆದು ಸುತ್ತಲಿನ ದೀಪಗಳನ್ನು ಅರ್ಧ ಗಂಟೆ ಆರಿಸಬೇಕು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಆ ಹೊತ್ತಿನಲ್ಲಿ ಮೊಬೈಲ್ ಫೋನು ತೆರೆಯಬಾರದು. ಆ ತಿಂಗಳುಗಳ ಸಂಜೆ ಕೃತ್ತಿಕೆ ನೆತ್ತಿಯ ಹತ್ತಿರವಿರುತ್ತದೆ. ಅದರ ಪಕ್ಕದಲ್ಲಿ ಕೆಂಪಗಿನ ರೋಹಿಣಿ, ಮುಂದೆ ಮೃಗಶಿರ, ಆರಿದ್ರ. ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ಚುಕ್ಕೆ ಕಾಣುತ್ತವೆಂದು ದೀಪ ಆರಿಸುವ ಮೊದಲೊಮ್ಮೆ, ಆರಿಸಿದ ಮೇಲೊಮ್ಮೆ ಎಣಿಸಿ ಬರೆದಿಡಬೇಕು. ಚೆನ್ನಾಗಿ ಕತ್ತಲೆಯಿದ್ದರೆ ಸಾಮಾನ್ಯ ಕಣ್ಣಿಗೆ ಆರು ಕಾಣುತ್ತವೆ. ಬೆಳಕು ಹೆಚ್ಚಿದ್ದರೆ ಮಸುಕು ಮಚ್ಚೆ ಮಾತ್ರ. ರೈತರ ಬಾಯಲ್ಲಿ ಮಳೆಯ ಹೆಸರಾಗಿ ಉಳಿದಿರುವ ನಕ್ಷತ್ರಗಳು ಇವೇ. ಕೃತ್ತಿಕೆ ಮಳೆಯ ದಿನಗಳಲ್ಲಿ ಸೂರ್ಯನು ಆ ನಕ್ಷತ್ರದಲ್ಲಿರುವುದರಿಂದ ಅದು ಕಾಣುವುದಿಲ್ಲ. ಕಾಣುವುದು ಚಳಿಗಾಲದ ರಾತ್ರಿಗಳಲ್ಲಿ. ಪಂಚಾಂಗದಲ್ಲಿ ಓದಿದ ಹೆಸರನ್ನು ಮಕ್ಕಳಿಗೆ ಆಕಾಶದಲ್ಲಿ ತೋರಿಸಲು ಇದು ಅವಕಾಶ.

ಪ್ರಪಂಚದ ಮಾತು: ಜಗತ್ತಿನ ಜನರಲ್ಲಿ ಮೂರರಲ್ಲಿ ಒಂದು ಪಾಲಿಗೆ ಆಕಾಶಗಂಗೆ ಕಾಣದಂತಾಗಿದೆ ಎಂದು 2016ರಲ್ಲಿ ಪ್ರಕಟವಾದ ಭೂಪಟ ತೋರಿಸಿತು. ಸಾಮಾನ್ಯ ಜನರೇ 2011ರಿಂದ 2022ರವರೆಗೆ ಮಾಡಿದ ನಕ್ಷತ್ರ ವೀಕ್ಷಣೆಗಳ ಪ್ರಕಾರ ಆಕಾಶದ ಬೆಳಕು ಸರಾಸರಿ ವರ್ಷಕ್ಕೆ ಶೇ. 9.6ರಂತೆ ಏರಿದೆ. ಈ ವೇಗ ಮುಂದುವರಿದರೆ, ಇಂದು ಹುಟ್ಟಿದ ಮಗುವಿನ ಊರಿನಲ್ಲಿ 250 ನಕ್ಷತ್ರ ಕಾಣುತ್ತಿದ್ದರೆ, ಅದಕ್ಕೆ 18 ವರ್ಷ ತುಂಬುವಾಗ 100 ಮಾತ್ರ ಉಳಿಯುತ್ತವೆ.

ಕತ್ತಲೆಯನ್ನು ಉಳಿಸಿಕೊಂಡವರೂ ಇದ್ದಾರೆ. ಲಡಾಖಿನ ಹಾನ್ಲೆ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ಕಿಟಕಿಗೆ ದಪ್ಪ ಪರದೆ, ದೀಪಕ್ಕೆ ಮರೆ ಹಾಕಿಕೊಂಡಿದ್ದಾರೆ. ಊರಿನ ಯುವಕ ಯುವತಿಯರು ಪ್ರವಾಸಿಗಳಿಗೆ ದೂರದರ್ಶಕದಲ್ಲಿ ಆಕಾಶ ತೋರಿಸಿ ಸಂಪಾದಿಸುತ್ತಿದ್ದಾರೆ. ಹಾನ್ಲೆಯ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಪಕ್ಕದ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ ಎಂಬುದು ಕೋಲಾರ ರಸ್ತೆಯಲ್ಲಿ ಓಡಾಡುವ ಅನೇಕರಿಗೆ ತಿಳಿದಿಲ್ಲ.

ಭಯಕ್ಕೆ ಉತ್ತರ

ಸಭೆಯಲ್ಲಿ ಖಂಡಿತ ಏಳುವ ಪ್ರಶ್ನೆ ಒಂದಿದೆ. ‘ಮೂರು ಫೇಸ್ ಕರೆಂಟು ಬರುವುದೇ ರಾತ್ರಿ. ಹಾವು ಇದೆ. ಕಾಮಸಮುದ್ರದ ಕಡೆ ಆನೆ ಬರುತ್ತದೆ. ದೀಪ ಆರಿಸಿ ಎಂದರೆ ಹೇಗೆ?’ ಈ ಪ್ರಶ್ನೆ ನ್ಯಾಯವಾದದ್ದು. ಅದನ್ನು ನಗೆಮಾತಿನಲ್ಲಿ ತಳ್ಳಿಹಾಕಬಾರದು. ದಾರಿಯ ದೀಪ, ಮನೆಬಾಗಿಲಿನ ದೀಪ, ಪಂಪ್‌ಸೆಟ್ಟಿನ ದೀಪ ಇರಲೇಬೇಕು. ಬೇಡವೆನ್ನುವುದು ದಾರಿಯನ್ನು ಬಿಟ್ಟು ಹೊಲಕ್ಕೂ ಆಕಾಶಕ್ಕೂ ಹೋಗುವ ಬೆಳಕನ್ನು ಮಾತ್ರ. ಕಣ್ಣಿಗೆ ಹೊಡೆಯುವ ಬರಿಯ ದೀಪದ ಆಚೆ ಏನಿದೆಯೆಂದು ಕಾಣುವುದಿಲ್ಲ; ಮರೆಯುಳ್ಳ ದೀಪದ ಕೆಳಗೆ ನೆಲ ಸ್ಪಷ್ಟವಾಗಿ ಕಾಣುತ್ತದೆ. ನೀರು ಹಾಯಿಸಲು ಹೋಗುವವರು ದೂರದ ಕಂಬದ ಬೆಳಕನ್ನು ನಂಬದೆ ಕೈಯಲ್ಲಿ ಟಾರ್ಚು, ಕಾಲಿಗೆ ಬೂಟು ಧರಿಸುವುದೇ ಹಾವಿನಿಂದ ನಿಜವಾದ ರಕ್ಷಣೆ.

ದೀಪ ಅಳವಡಿಸುವಾಗ ಗಮನಿಸಬೇಕಾದ ಅಂಶಗಳು

1. ದೀಪದ ಮುಖ ನೇರವಾಗಿ ನೆಲಕ್ಕೆ ಇರಬೇಕು. ಓರೆಯಾಗಿ ಹೊಲದ ಕಡೆಗೆ ತಿರುಗಿರಬಾರದು.

2. ಹೊಲದ ಬದಿಗೆ ತಗಡಿನ ಮರೆ ಹಾಕಬೇಕು. ಇದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಮಾಡಿಸಬಹುದು. ಆದರೆ ಕಂಬ ಹತ್ತಿ ಅಳವಡಿಸುವ ಕೆಲಸವನ್ನು ಪಂಚಾಯಿತಿ ಮತ್ತು ವಿದ್ಯುತ್ ಸಿಬ್ಬಂದಿಯಿಂದಲೇ ಮಾಡಿಸಬೇಕು.

3. ಅಗತ್ಯಕ್ಕೆ ತಕ್ಕ ವಾಟಿನ ದೀಪ ಹಾಕಬೇಕು. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹೊಸ ಕಂಬ ನೆಡುವಾಗ ಹೊಲದಿಂದ ಕೆಲವು ಮೀಟರು ದೂರ ಸರಿಸಿದರೂ ಪ್ರಯೋಜನವಿದೆ.

4. ಓಡಾಟವಿಲ್ಲದ ಕಡೆ ರಾತ್ರಿ 10ರ ನಂತರ ಆರುವಂತೆ ಟೈಮರ್, ಅಥವಾ ಯಾರಾದರೂ ಬಂದಾಗ ಮಾತ್ರ ಹೊತ್ತಿಕೊಳ್ಳುವ ದೀಪ ಬಳಸಬೇಕು.

5. ನೀಲಿ ಮಿಶ್ರಿತ ಬಿಳಿ ಬೆಳಕಿಗಿಂತ ಹಳದಿ ಛಾಯೆಯ ಬೆಳಕಿಗೆ ಕೀಟಗಳು ಬರುವುದು ಕಡಿಮೆ. ಆಕಾಶವೂ ಕಡಿಮೆ ಮಸುಕಾಗುತ್ತದೆ. ಆದರೆ ಬೆಳೆಯ ಮಟ್ಟಿಗೆ ಇದರಿಂದ ರಕ್ಷಣೆಯಿಲ್ಲ. ಗಿಡ ಗುರುತಿಸುವುದು ಕೆಂಪು ಬೆಳಕನ್ನು. ಅದು ಹಳದಿ ದೀಪದಲ್ಲಿ ಕಡಿಮೆಯಿರುವುದಿಲ್ಲ. ಬೆಳೆಗೆ ಮರೆ ಮತ್ತು ಸಮಯ, ಇವೆರಡೇ ಉಪಾಯ.

ರೈತರೇ ಮಾಡಬಹುದಾದ ಪ್ರಯೋಗ

ಮೇಲಿನ ಮಾತುಗಳನ್ನು ನಂಬುವ ಮೊದಲು ರೈತರು ಸ್ವತಃ ಪರೀಕ್ಷಿಸಿ ನೋಡಬಹುದು. ಬೀದಿದೀಪದ ಪಕ್ಕದ ಹೊಲದಲ್ಲಿ ಒಂದೇ ದಿನ, ಒಂದೇ ಬೀಜದ ನಾಟಿ ಅವರೆ ಅಥವಾ ಹುಚ್ಚೆಳ್ಳು ಬಿತ್ತಿ, ಕಂಬದಿಂದ 5, 10, 20 ಮತ್ತು 60 ಹೆಜ್ಜೆ ದೂರದಲ್ಲಿ ಗೂಟ ನೆಡಬೇಕು. ಪ್ರತಿ ಗೂಟದ ಬಳಿ ಹತ್ತು ಗಿಡಗಳಿಗೆ ದಾರ ಕಟ್ಟಿ ಗುರುತಿಸಬೇಕು. ಚಂದ್ರನಿಲ್ಲದ ರಾತ್ರಿ ಪ್ರತಿ ಗೂಟದ ಬಳಿ ನಿಂತು ದಿನಪತ್ರಿಕೆಯ ಅಕ್ಷರ ಓದಲು ಆಗುತ್ತದೆಯೇ ನೋಡಿ ಬರೆದುಕೊಳ್ಳಬೇಕು. ಮೊದಲ ಹೂ ಬಂದ ದಿನ, ಕಾಯಿ ಕಿತ್ತ ದಿನ, ಹತ್ತು ಗಿಡಗಳ ಕಾಯಿಯ ತೂಕ, ಇಷ್ಟನ್ನು ಗೂಟವಾರು ಬರೆದಿಟ್ಟರೆ ಲೆಕ್ಕ ತಾನಾಗಿಯೇ ಕಾಣುತ್ತದೆ. ನೀರು, ಗೊಬ್ಬರ ಎಲ್ಲ ಗೂಟಗಳಿಗೂ ಒಂದೇ ಆಗಿರಬೇಕು. ಈ ಲೆಕ್ಕವನ್ನು ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಚರ್ಚಿಸಬಹುದು. ದೀಪಕ್ಕೆ ಮರೆ ಬೇಕೆಂದು ಗ್ರಾಮಸಭೆಯಲ್ಲಿ ಕೇಳುವಾಗ ಇಂಥ ಒಂದು ಹಾಳೆ ಬಾಯಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಣ್ಣು ಕೊಚ್ಚಿಹೋದರೆ ತುಂಬಿಕೊಳ್ಳಲು ತಲೆಮಾರುಗಳು ಬೇಕು. ಅಂತರ್ಜಲ ಬತ್ತಿದರೆ ಮತ್ತೆ ತುಂಬಲು ಎಷ್ಟೋ ಮಳೆಗಾಲ ಬೇಕು. ಕಳೆದುಕೊಂಡ ಕತ್ತಲೆ ಹಾಗಲ್ಲ. ದೀಪಕ್ಕೆ ಮರೆ ಹಾಕಿದ ರಾತ್ರಿಯೇ ಅದು ಹೊಲಕ್ಕೆ ಮರಳುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದಾದ ತೊಂದರೆ ಬೇಸಾಯದಲ್ಲಿ ಹೆಚ್ಚಿಲ್ಲ. ಆದ್ದರಿಂದ ಮುಂದಿನ ಅವರೆ ಬಿತ್ತುವ ಮೊದಲು ಪ್ರತಿ ರೈತರೂ ಒಂದು ರಾತ್ರಿ ತಮ್ಮ ಹೊಲಕ್ಕೆ ಹೋಗಿ, ಯಾವ ದೀಪದ ಬೆಳಕು ಎಲ್ಲಿಯವರೆಗೆ ಬೀಳುತ್ತಿದೆ ಎಂಬುದನ್ನು ಗುರುತು ಮಾಡಿಕೊಂಡು ಬರುವುದು ಒಳ್ಳೆಯದು.